ಹಂಸ ಗೆದ್ದಿತೋ, ಕಾಗೆ ಗೆದ್ದಿತೋ?

ನೀರು ತುಂಬಿದ ತೊಟ್ಟಿಯಲ್ಲಿ ಅಂಗೈಯನ್ನು ಅಡ್ಡವಾಗಿ ಹಿಡಿದು ಎಳೆಯಿರಿ. ಆಮೇಲೆ ಕತ್ತಿಯ ಅಲಗಿನಂತೆ ಹಿಡಿದು ಎಳೆಯಿರಿ. ಎರಡನೆಯ ಸಲ ಕೈ ಸಲೀಸಾಗಿ ಸಾಗುತ್ತದೆ. ಹಾಗಾದರೆ ಹಡಗಿನ ಮೂತಿ ಚೂಪಾದಷ್ಟೂ ಒಳ್ಳೆಯದಲ್ಲವೇ? ಹಿಂದೆ ಹಡಗು ತಜ್ಞರಲ್ಲೂ ಹಲವರು ಹಾಗೇ ನಂಬಿದ್ದರು.

ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್ (1810–1879) ಇದನ್ನು ಎಳೆದೇ ನೋಡಿದ. 1867ರಲ್ಲಿ ಎರಡು ಬಗೆಯ ಮಾದರಿ ಹಡಗುಗಳನ್ನು ಮಾಡಿಸಿದ. ಚೂಪು ತುದಿಯದು 'ರೇವನ್', ಅಂದರೆ ಕಾಗೆಯ ಜಾತಿಯ ಹಕ್ಕಿ. ಗುಂಡು ಮೂತಿಯದು 'ಸ್ವಾನ್', ಅಂದರೆ ಹಂಸ. 3, 6, 12 ಅಡಿ ಉದ್ದದ ಈ ಮಾದರಿಗಳು ಡಾರ್ಟ್ ನದಿಯಲ್ಲಿ ಓಡಿದವು. ಗೆದ್ದದ್ದು ಯಾವುದು? ಒಂದು ವೇಗದಲ್ಲಿ ಅದು, ಇನ್ನೊಂದು ವೇಗದಲ್ಲಿ ಇದು!

ಆದರೆ ಆಟಿಕೆಯಂಥ ಮಾದರಿಯನ್ನು ನಂಬಿ ನಿಜವಾದ ಹಡಗು ಕಟ್ಟುವುದುಂಟೇ? ಸ್ಕಾಟ್ ರಸೆಲ್‌ನಂಥ ಹೆಸರಾಂತ ತಜ್ಞನೇ ಒಪ್ಪಲಿಲ್ಲ. ಫ್ರೂಡ್ ಜಾಣತನ ತೋರಿದ್ದು ಇಲ್ಲಿಯೇ. ನೀರಿನ ಅಡ್ಡಿಯನ್ನು ಅವನು ಎರಡಾಗಿ ಒಡೆದ: ಹಡಗು ಎಬ್ಬಿಸುವ ಅಲೆ ಒಂದು, ಮೈಗೆ ನೀರು ಉಜ್ಜುವ ಘರ್ಷಣೆ ಇನ್ನೊಂದು. ಉದ್ದದ ವರ್ಗಮೂಲಕ್ಕೆ ತಕ್ಕಂತೆ ವೇಗವನ್ನು ಇಳಿಸಿದರೆ ಮಾದರಿಯೂ ಹಡಗಿನಂಥದೇ ಅಲೆಗಳನ್ನು ಎಬ್ಬಿಸುತ್ತದೆ. 16 ನಾಟ್ ವೇಗದ ಹಡಗಿನ ಹದಿನಾರನೇ ಒಂದರಷ್ಟು ಮಾದರಿಯನ್ನು 4 ನಾಟ್ ವೇಗದಲ್ಲಿ ಎಳೆದರಾಯಿತು.

ಘರ್ಷಣೆ ಈ ಲೆಕ್ಕಕ್ಕೆ ಬಗ್ಗದು. ಅದನ್ನು ಬೇರೆಯಾಗಿಯೇ ಅಳೆಯಬೇಕು. ಬ್ರಿಟಿಷ್ ನೌಕಾ ಇಲಾಖೆ ಕೊಟ್ಟ 2000 ಪೌಂಡಿನಿಂದ ಟಾರ್ಕಿಯ ತನ್ನ ಮನೆಯ ಬಳಿಯೇ ಅವನು 278 ಅಡಿ ಉದ್ದದ ತೊಟ್ಟಿ ಕಟ್ಟಿಸಿದ; 1872ರಲ್ಲಿ ಅಲ್ಲಿ ಕೆಲಸ ಶುರುವಾಯಿತು. ತೆಳ್ಳಗಿನ ಹಲಗೆಗಳನ್ನು ನೆಟ್ಟಗೆ ಮುಳುಗಿಸಿ ಎಳೆದ. ಅವು ಅಲೆ ಎಬ್ಬಿಸುವುದು ತೀರಾ ಕಡಿಮೆ, ಉಳಿದದ್ದು ಘರ್ಷಣೆಯೇ. ವಾರ್ನಿಷ್ ಬಳಿದ 50 ಅಡಿ ಹಲಗೆಗಿಂತ ಬಟ್ಟೆ ಹೊದಿಸಿದ ಹಲಗೆಗೆ ಹೆಚ್ಚುಕಡಿಮೆ ಇಮ್ಮಡಿ ಅಡ್ಡಿ! ಇನ್ನೂ ಒಂದು ಸ್ವಾರಸ್ಯ: ಹಲಗೆ ಉದ್ದವಾದಂತೆ ಚದರಡಿಗೆ ಬೀಳುವ ಅಡ್ಡಿ ಕಡಿಮೆಯಾಯಿತು. ಮುಂಭಾಗ ಎಳೆದುಕೊಂಡು ಬಂದ ನೀರಿನಲ್ಲೇ ಹಿಂಭಾಗ ಸಾಗುತ್ತದಲ್ಲ, ಅದಕ್ಕೆ.

'ಗ್ರೇಹೌಂಡ್' ಎಂಬ ನಿಜವಾದ ಯುದ್ಧನೌಕೆಯನ್ನು 1871ರಲ್ಲಿ ಇನ್ನೊಂದು ಹಡಗಿನಿಂದ ಎಳೆಸಿ ಅಡ್ಡಿಯನ್ನು ಅಳೆದಿದ್ದರು. ಮಾದರಿಯ ಲೆಕ್ಕ ಅದಕ್ಕೆ ಚೆನ್ನಾಗಿಯೇ ತಾಳೆಯಾಯಿತು. ಇಂದಿಗೂ ಹೊಸ ಹಡಗುಗಳ ಮಾದರಿಯನ್ನು ಇಂಥ ತೊಟ್ಟಿಗಳಲ್ಲಿ ಎಳೆದು ನೋಡುತ್ತಾರೆ.

ಮನೆಯಲ್ಲೂ ಇದನ್ನು ಮಾಡಬಹುದು. ಹಿರಿಯರೊಬ್ಬರು ಜೊತೆಗಿರಲಿ. ನುಣುಪಾದ ಮರದ ತುಂಡಿಗೆ ದಾರ ಕಟ್ಟಿ, ತೊಟ್ಟಿಯ ಅಂಚಿನಲ್ಲಿಟ್ಟ ಖಾಲಿ ದಾರದ ಉಂಡೆಯ ಮೇಲೆ ಹಾಯಿಸಿ, ತುದಿಗೆ ಒಂದು ನಟ್ಟು ತೂಗಬಿಡಿ. ತುಂಡು ಆಚೆಯಿಂದ ಈಚೆಗೆ ಬರಲು ಎಷ್ಟು ಸೆಕೆಂಡು ಬೇಕೆಂದು ಮೂರು ಸಲ ಅಳೆಯಿರಿ. ಬಳಿಕ ತುಂಡಿನ ಅಡಿಗೆ ಹಳೆಯ ಬಟ್ಟೆ ಬಿಗಿದು, ಅದೇ ನಟ್ಟಿನಿಂದ ಮತ್ತೆ ಮೂರು ಸಲ ಎಳೆಸಿ ನೋಡಿ.