ಕಿಟಕಿಗೊಂದು ಟೋಪಿ ಬೇಕು, ಆದ್ರೆ ಯಾವುದು?

ಮೊನ್ನೆ ಊರಿಗೆ ಹೋದಾಗ ಮನೇಲಿ ಒಂದು ಸಣ್ಣ ಜಗಳ ಆಯ್ತು. ಬಳ್ಳಾರಿ ಕಂಟೋನ್ಮೆಂಟಿನಲ್ಲಿರೋ ನಮ್ಮ ದೊಡ್ಡಪ್ಪನ ಮನೆ ತುಂಬಾ ಹಳೇದು. ದಪ್ಪ ಗೋಡೆ, ಮದ್ರಾಸ್ ತಾರಸಿ, ಆಳೆತ್ತರದ ಕಿಟಕಿಗಳು. ಪಶ್ಚಿಮದ ಕಿಟಕಿ ಮೇಲಿದ್ದ ಮರದ ಮರೆ ಗೆದ್ದಲು ಹಿಡಿದು ಬಿದ್ದುಹೋಗಿದೆ. ಅಜ್ಜಿ ಮಲಗೋದು ಅದೇ ಕೋಣೇಲಿ. ಬೇಸಿಗೇಲಿ ನಮ್ಮೂರ ಬಿಸಿಲು 40 ಡಿಗ್ರಿ ದಾಟುತ್ತೆ, ಗೊತ್ತಲ್ಲ...

"ಪಾಲಿಕಾರ್ಬೊನೇಟ್ ಶೀಟ್ ಹಾಕಿಸಿಬಿಡೋಣಪ್ಪ, ಒಂದೇ ದಿನದ ಕೆಲಸ" ಅಂದ್ರು ದೊಡ್ಡಪ್ಪ. ನಾನು ಬೆಂಗಳೂರಿನ 'ಮಂಕಿ ಟಾಪ್' ಫೋಟೋ ತೋರಿಸಿ "ಹಳೇ ಮನೆಗೆ ಇದೇ ಸರಿ" ಅಂದೆ. ಈಗ ಯೋಚಿಸಿದ್ರೆ ಇಬ್ಬರದೂ ತಪ್ಪು ಅನ್ನಿಸ್ತಿದೆ :)

ಮಂಕಿ ಟಾಪ್ ಅಂದ್ರೆ ಕಿಟಕಿ ಮೇಲೆ ಚೂಪಾಗಿ ಮುಂದಕ್ಕೆ ಚಾಚಿದ ಮರದ ಮುಚ್ಚಿಗೆ, ಅದಕ್ಕೆ ಸಾಲಾಗಿ ಹೊಡೆದ ಪಟ್ಟಿಗಳು. ಬೆಂಗಳೂರು ಕಂಟೋನ್ಮೆಂಟಿನ ಬಂಗಲೆಗಳ ಗುರುತು ಅದು. ಬಳ್ಳಾರಿಯಾದರೋ 1800ರಲ್ಲೇ ಕಂಪನಿ ಕೈಸೇರಿ, 1953ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದ ಊರು. ಅಲ್ಲಿಯ ಅಲಂಕಾರ ತಂದು ಇಲ್ಲಿ ಅಂಟಿಸಿದ್ರೆ ಅದು ವೇಷ ಆಗುತ್ತೆ ಅಷ್ಟೇ. ಉತ್ತರ ನಮ್ಮ ಗೋಡೆ ಮೇಲೇ ಇತ್ತು. ಹಳೇ ಬ್ರಾಕೆಟ್ಟಿನ ತೂತುಗಳು, ಸುಣ್ಣದ ಮೇಲೆ ಉಳಿದ ಓರೆ ಗೆರೆ. ಮರೆ ಎಷ್ಟು ಅಗಲ, ಎಷ್ಟು ಇಳಿಜಾರು ಇತ್ತು ಅಂತ ಅದೇ ಹೇಳ್ತಿತ್ತು.

ಆ ಇಳಿಜಾರಿಗೆ ಕಾರಣಾನೂ ಇದೆ. ಮಧ್ಯಾಹ್ನದ ಬಿಸಿಲು ನೆತ್ತಿ ಮೇಲಿಂದ ಬರುತ್ತೆ, ಅದಕ್ಕೆ ಚಪ್ಪಟೆ ಸಜ್ಜಾ ಸಾಕು. ಪಶ್ಚಿಮದ ಸಂಜೆ ಬಿಸಿಲು ಅದರ ಕೆಳಗೇ ನುಸುಳಿ ಒಳಗೆ ಬರುತ್ತೆ. ಅದಕ್ಕೆ ಓರೆಯಾಗಿ ಇಳಿಬಿಟ್ಟ, ಪಕ್ಕದಲ್ಲಿ ಪಟ್ಟಿ ಇರೋ ಮರೆನೇ ಬೇಕು. ಪಟ್ಟಿಗಳ ಸಂದಿಯಿಂದ ಗಾಳಿ ಆಡುತ್ತೆ, ಬಿಸಿ ಒಳಗೇ ನಿಲ್ಲೋದಿಲ್ಲ. ತಗಡು ಹಾಕಿದ್ರೆ ತಾನೇ ಕಾದು ಆ ಕಾವನ್ನ ಕಿಟಕಿಗೆ ಬೀರುತ್ತೆ. ಪಾರದರ್ಶಕ ಶೀಟ್ ಅಂತೂ ಬಿಸಿಲನ್ನೇ ಒಳಗೆ ಬಿಟ್ಟುಕೊಳ್ಳುತ್ತೆ.

ಹಾಗಾಗಿ ನನ್ನ ವಾದ ಇಷ್ಟೇ: ಹಳೇ ಮನೆ ರಿಪೇರಿ ಮಾಡೋ ಮುಂಚೆ ಇಂಟರ್ನೆಟ್ಟಿನ ಫೋಟೋ ನೋಡಬೇಡಿ, ಗೋಡೆ ನೋಡಿ. ಆಮೇಲೆ ಸಂಜೆ ನಾಲ್ಕಕ್ಕೆ ಆ ಕೋಣೇಲಿ ಹೋಗಿ ಕೂತ್ಕೊಳ್ಳಿ. ಕೆತ್ತನೆ ಇಲ್ಲದಿದ್ರೂ ಪರವಾಗಿಲ್ಲ, ಅಳತೆ ಮತ್ತು ಓರೆ ಸರಿಯಿದ್ರೆ ಮನೆಗೆ ಅದೇ ಒಪ್ಪುತ್ತೆ.

ದೊಡ್ಡಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ. ಮರದ ಖರ್ಚು ಜಾಸ್ತಿ ಅನ್ನೋದೂ ನಿಜವೇ. "ಮೊದ್ಲು ಆ ಒಂದು ಕಿಟಕಿಗಾದ್ರೂ ಮಾಡಿಸ್ರಪ್ಪ" ಅಂತ ಅಜ್ಜಿ ತೀರ್ಪು ಕೊಟ್ಟಿದ್ದಾಳೆ.

ನಿಮ್ಮೂರ ಹಳೇ ಮನೆಗಳ ಕಿಟಕಿಗೆ ಎಂಥಾ ಮರೆ ಇದೆ? ಹೇಳ್ತೀರಲ್ಲ?