ದಣಿದ ಕೈಗೆ 12 ಗಂಟೆಯ ದುಡಿಮೆ ಬೇಡ

ಕಾರ್ಖಾನೆಯಲ್ಲಿ ದಿನಕ್ಕೆ 12 ಗಂಟೆ ದುಡಿಸಿಕೊಳ್ಳಲು ದಾರಿ ಮಾಡಿಕೊಟ್ಟ ತಿದ್ದುಪಡಿ ಮಸೂದೆಯನ್ನು ಕರ್ನಾಟಕ ವಿಧಾನಮಂಡಲ 2023ರ ಫೆಬ್ರುವರಿಯಲ್ಲಿ ಅಂಗೀಕರಿಸಿತು. ಎರಡು ತಿಂಗಳ ಬಳಿಕ ತಮಿಳುನಾಡು ಅದೇ ಹಾದಿ ಹಿಡಿಯಿತು. ಅಲ್ಲಿ ಕಾರ್ಮಿಕ ಸಂಘಟನೆಗಳು ಸಿಡಿದೆದ್ದವು, ಆಡಳಿತ ಪಕ್ಷದ ಮಿತ್ರರೇ ತಿರುಗಿಬಿದ್ದರು. ಮೇ 1ರಂದು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಮಸೂದೆ ಹಿಂಪಡೆಯುವುದಾಗಿ ಘೋಷಿಸಿದರು. ನಮ್ಮಲ್ಲಿ ಅದೇ ಮೇ ತಿಂಗಳಲ್ಲಿ ಸರ್ಕಾರವೇ ಬದಲಾಯಿತು. 12 ಗಂಟೆಯ ತಿದ್ದುಪಡಿ ಮಾತ್ರ ಉಳಿದುಕೊಂಡಿತು.

ಅದನ್ನು ಸಮರ್ಥಿಸುವವರ ವಾದ ಇಷ್ಟು: ವಾರದ ಮಿತಿ 48 ಗಂಟೆಯೇ ಇದೆ, ನಾಲ್ಕು ದಿನ ದುಡಿದು ಮೂರು ದಿನ ರಜೆ ಪಡೆಯಬಹುದು, ಕಾರ್ಮಿಕ ಲಿಖಿತ ಒಪ್ಪಿಗೆ ಕೊಟ್ಟರೆ ಮಾತ್ರ ಇದು ಅನ್ವಯ. ಕೇಳಲು ಚೆನ್ನಾಗಿದೆ. ಆದರೆ ಅದೇ ತಿದ್ದುಪಡಿ ಮೂರು ತಿಂಗಳಿಗೆ 75 ಗಂಟೆ ಇದ್ದ ಹೆಚ್ಚುವರಿ ದುಡಿಮೆಯ (ಓಟಿ) ಮಿತಿಯನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿತು. ಸಂಬಳದಲ್ಲಿ ಬಾಡಿಗೆ, ಮಕ್ಕಳ ಫೀಸು ಕಳೆದರೆ ತಿಂಗಳ ಕೊನೆಗೆ ಏನೂ ಉಳಿಯದ ಮನೆಯಲ್ಲಿ ಆ ಮೂರು ದಿನದ ರಜೆ ಓಟಿಗೇ ಹೋಗುತ್ತದೆ. ಇನ್ನು ಒಪ್ಪಿಗೆಯ ಮಾತು. ಕಾಂಟ್ರಾಕ್ಟರ್ ಮೂಲಕ ಸೇರಿದ, ನಾಳೆ ಗೇಟಿನಲ್ಲೇ ತಡೆದರೆ ಕೇಳುವವರಿಲ್ಲದ ಹುಡುಗ ಸೂಪರ್‌ವೈಸರ್ ಮುಂದಿಟ್ಟ ಕಾಗದಕ್ಕೆ ಸಹಿ ಹಾಕದೆ ಇರುತ್ತಾನೆಯೇ? ನಿರುದ್ಯೋಗದ ಭಯದಲ್ಲಿ ಬಿದ್ದ ಸಹಿಯನ್ನು ಒಪ್ಪಿಗೆ ಎನ್ನಲಾಗದು.

ಉದ್ದನೆಯ ದಿನ ಏನು ಮಾಡುತ್ತದೆಂದು ತಿಳಿಯಬೇಕಾದರೆ ತಗಡು ಒತ್ತುವ ಪವರ್ ಪ್ರೆಸ್ ಓಡಿಸುವವನನ್ನು ನೋಡಬೇಕು. ಎಡಗೈಯಲ್ಲಿ ತಗಡನ್ನು ಅಚ್ಚಿನ (ಡೈ) ಮೇಲಿಡಬೇಕು, ಕಾಲಲ್ಲಿ ಪೆಡಲ್ ಒತ್ತಬೇಕು, ಪ್ರೆಸ್ ಇಳಿದು ಮೇಲೆದ್ದ ಕೂಡಲೇ ಬಲಗೈಯಲ್ಲಿ ಪೀಸ್ ತೆಗೆಯಬೇಕು. ಮತ್ತೆ ತಗಡು, ಮತ್ತೆ ಪೆಡಲ್. ಒಂದು ಶಿಫ್ಟ್‌ನಲ್ಲಿ ಸಾವಿರಾರು ಸಲ. ಕಾಲು ಅರೆಕ್ಷಣ ಮುಂದಾದರೆ ಬೆರಳು ಡೈ ಒಳಗೇ ಇರುತ್ತದೆ. ಇದನ್ನು ತಪ್ಪಿಸುವ ಉಪಾಯ ಎಂದೋ ಬಂದಿದೆ. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಓಡುವ ಬಟನ್ ಇದೆ, ಕೈ ಅಡ್ಡ ಬಂದರೆ ಪ್ರೆಸ್ ನಿಲ್ಲಿಸುವ ಸೆನ್ಸರ್ ಇದೆ. ಆದರೆ ಇವುಗಳಿಂದ ಕೆಲಸ ನಿಧಾನವಾಗುತ್ತದೆ. ಟಾರ್ಗೆಟ್ ಮುಟ್ಟಿಸಲು ಸೆನ್ಸರ್ ಆಫ್ ಮಾಡಿಸುತ್ತಾರೆ, ಬಟನ್ ಬದಲು ಪೆಡಲ್ ಹಾಕಿಸುತ್ತಾರೆ. ಅಂಥ ಪ್ರೆಸ್ ಮುಂದೆ ಎಂಟು ಗಂಟೆ ಕೂತವನನ್ನು ಇನ್ನೂ ನಾಲ್ಕು ಗಂಟೆ ಕೂರಿಸುವುದೆಂದರೆ ಅಪಘಾತವನ್ನು ಕೈಯಾರೆ ಕರೆದಂತೆ.

ಹರಿಯಾಣ, ಮಹಾರಾಷ್ಟ್ರಗಳ ವಾಹನ ಬಿಡಿಭಾಗ ಕಾರ್ಖಾನೆಗಳಲ್ಲಿ ಗಾಯಗೊಂಡವರ ನಡುವೆ ಕೆಲಸ ಮಾಡುವ ಸೇಫ್ ಇನ್ ಇಂಡಿಯಾ ಸಂಸ್ಥೆ ‘ಕ್ರಷ್ಡ್’ ಹೆಸರಿನಲ್ಲಿ ವಾರ್ಷಿಕ ವರದಿ ತರುತ್ತದೆ. ಬೆರಳು, ಕೈ ಜಜ್ಜಿಸಿಕೊಂಡವರಲ್ಲಿ ಹೆಚ್ಚಿನವರು ವಾರಕ್ಕೆ 60 ಗಂಟೆಗೂ ಮೀರಿ ದುಡಿಯುತ್ತಿದ್ದವರು ಎನ್ನುತ್ತವೆ ಆ ವರದಿಗಳು. ಬಹಳ ಮಂದಿಗೆ ನೌಕರರ ವಿಮೆಯ ಇಎಸ್‌ಐ ಕಾರ್ಡ್ ಸಿಕ್ಕಿದ್ದೂ ಅಪಘಾತವಾದ ಮೇಲೆಯೇ. ಮೊದಲ ದಿನವೇ ಆಗಬೇಕಾದ ನೋಂದಣಿ ರಕ್ತ ಸುರಿದ ಮೇಲೆ ಆಗುತ್ತದೆ.

ಆಮೇಲೆ ಶುರುವಾಗುವುದು ‘ಅವನದೇ ಅಜಾಗರೂಕತೆ’ ಎಂಬ ಪಲ್ಲವಿ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1923ರ ಪರಿಹಾರ ಕಾಯ್ದೆಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಕುಡಿದಿದ್ದರೆ, ಸುರಕ್ಷತಾ ನಿಯಮವನ್ನು ಬೇಕೆಂದೇ ಮೀರಿದ್ದರೆ, ಸಾಧನವನ್ನು ಬೇಕೆಂದೇ ಕಿತ್ತಿದ್ದರೆ ಮಾತ್ರ ಮಾಲೀಕ ತಕರಾರು ಎತ್ತಬಹುದಿತ್ತು. ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯವಾದರೆ ಅದೂ ನಡೆಯುತ್ತಿರಲಿಲ್ಲ. ಕ್ಷಣದ ಮೈಮರೆವು ಪರಿಹಾರ ತಪ್ಪಿಸುವ ನೆಪ ಆಗಲಾರದು. ಆ ಪರಿಹಾರವಾದರೂ ಎಷ್ಟಿತ್ತು? ತೋರುಬೆರಳು ಪೂರ್ತಿ ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇ 14 ನಷ್ಟ ಎನ್ನುತ್ತಿತ್ತು ಕಾಯ್ದೆಯ ಪಟ್ಟಿ. ಲೆಕ್ಕಕ್ಕೆ ಹಿಡಿಯುತ್ತಿದ್ದ ತಿಂಗಳ ಸಂಬಳದ ಮಿತಿ 15,000 ರೂಪಾಯಿ. ಇಎಸ್‌ಐ ಇಲ್ಲದ 25 ವರ್ಷದ ಕಾರ್ಮಿಕನಿಗೆ ಬರುತ್ತಿದ್ದುದು ಸುಮಾರು 2 ಲಕ್ಷ 73 ಸಾವಿರ ರೂಪಾಯಿ, ಒಂದೇ ಸಲಕ್ಕೆ. ಬೆರಳಿಲ್ಲದ ಆಪರೇಟರ್‌ನನ್ನು ಮುಂದಿನ ಕಾರ್ಖಾನೆ ಹೆಲ್ಪರ್ ಕೆಲಸಕ್ಕೂ ತೆಗೆದುಕೊಳ್ಳಲು ಹಿಂದೆಮುಂದೆ ನೋಡುತ್ತದೆ. ಅವನ ಮುಂದಿನ ಮೂವತ್ತೈದು ವರ್ಷದ ದುಡಿಮೆಗೆ ಯಾರು ಹೊಣೆ?

ಬಂಡವಾಳ ಬರಬೇಕಾದರೆ ಕಾನೂನು ಸಡಿಲವಾಗಬೇಕು ಎನ್ನುತ್ತಾರೆ. ಬಂಡವಾಳ ಬೇಕು, ಉದ್ಯೋಗವೂ ಬೇಕು. ಆದರೆ ಒಬ್ಬನನ್ನು 12 ಗಂಟೆ ದುಡಿಸಿದರೆ ಮೂರು ಶಿಫ್ಟ್ ಎರಡಾಗುತ್ತದೆ. ಮೂವರ ಕೆಲಸ ಇಬ್ಬರಿಗೆ ಇಳಿಯುತ್ತದೆ. ಉದ್ಯೋಗದ ಹೆಸರಿನಲ್ಲಿ ಉದ್ಯೋಗವನ್ನೇ ಕಡಿತ ಮಾಡುವ ದಾರಿ ಇದು. 1946ರಲ್ಲಿ ಅಂಬೇಡ್ಕರ್ ಕಾರ್ಮಿಕ ಖಾತೆ ಹೊತ್ತಿದ್ದಾಗ ಕಾರ್ಖಾನೆಯ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಯಿತು. ಸ್ವಾತಂತ್ರ್ಯವೂ ಬಂದಿರದ ಬಡ ದೇಶಕ್ಕೆ ಸಾಧ್ಯವಾದದ್ದನ್ನು ಇಂದು ಭಾರ ಎನ್ನುವುದು ನಾಚಿಕೆಗೇಡು.

2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ದಿನಕ್ಕೆ 8 ಗಂಟೆ ಎಂದು ಅವುಗಳಲ್ಲಿ ಕೆಲಸದ ಸುರಕ್ಷತೆಯ ಸಂಹಿತೆಯೇ ಹೇಳುತ್ತದೆ. ಬಿಡುವು ಸೇರಿ ದಿನ ಎಷ್ಟು ಉದ್ದವಿರಬೇಕು, ಓಟಿ ಎಷ್ಟಿರಬೇಕು ಎಂಬುದನ್ನು ಮಾತ್ರ ಸರ್ಕಾರಗಳ ತೀರ್ಮಾನಕ್ಕೆ ಬಿಟ್ಟಿದೆ. ವಿದ್ಯುತ್ ಬಳಸುವ ಘಟಕವನ್ನು ಕಾರ್ಖಾನೆ ಎಂದು ಪರಿಗಣಿಸಲು ಇದ್ದ 10 ಕಾರ್ಮಿಕರ ಮಿತಿ 20ಕ್ಕೆ ಏರಿದೆ. ಹತ್ತು ಹದಿನೈದು ಜನರ ಪ್ರೆಸ್ ಶಾಪ್‌ಗಳು ಇದರಿಂದ ಕಾರ್ಖಾನೆಯ ವ್ಯಾಖ್ಯೆಯಿಂದಲೇ ಹೊರಬಿದ್ದಿವೆ. ಬೆರಳಿಗೆ ಅಪಾಯವಿರುವುದು ಇಂಥ ಕಡೆಯೇ.

ಹಾಗಾಗಿ ಚೆಂಡು ಈಗ ರಾಜ್ಯ ಸರ್ಕಾರದ ಅಂಗಳದಲ್ಲಿದೆ. ಅದರ ನಿಯಮಗಳಲ್ಲಿ 12 ಗಂಟೆಯ ದಿನಕ್ಕೆ ಜಾಗ ಇರಕೂಡದು. ಓಟಿ ಮಿತಿ ಹಳೆಯ 75 ಗಂಟೆಗೆ ಮರಳಬೇಕು. ಸೆನ್ಸರ್ ಇಲ್ಲದ ಪ್ರೆಸ್‌ಗೆ ಅಧಿಕಾರಿಗಳು ಸ್ಥಳದಲ್ಲೇ ಬೀಗ ಹಾಕಬೇಕು, ಸಣ್ಣ ಘಟಕಗಳಿಗೂ ತಪಾಸಣೆ ತಪ್ಪಬಾರದು. ಅಪಘಾತದ ದಿನ ಇಎಸ್‌ಐ ನೋಂದಣಿ ಮಾಡಿಸಿದ ಮಾಲೀಕನ ಮೇಲೆ ಮೊಕದ್ದಮೆ ಹೂಡಬೇಕು. 2020ರ ಮೇ ತಿಂಗಳಲ್ಲಿ ದಿನದ ಕೆಲಸದ ಅವಧಿಯನ್ನು 10 ಗಂಟೆಗೆ ಏರಿಸಿದ್ದ ಅಧಿಸೂಚನೆಯನ್ನು ವಿಷಯ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಇದೇ ರಾಜ್ಯ ಮರುತಿಂಗಳೇ ಹಿಂಪಡೆದಿತ್ತು. ಹಿಂದೆ ಸರಿಯಲು ಬರುತ್ತದೆಂದು ಸರ್ಕಾರಕ್ಕೆ ಗೊತ್ತಿದೆ. ಈ ಸಲ ನ್ಯಾಯಾಲಯ ಕೇಳುವವರೆಗೆ ಕಾಯಬಾರದು.