ದಾಳ ಉರುಳುವ ಮುನ್ನ

ಚೌಕಾಬಾರದ ಮುಂದೆ ಕುಳಿತವರಿಗೆ ನ್ಯಾಯಾಧೀಶನ ಅಗತ್ಯ ಬೀಳುವುದಿಲ್ಲ. ಕವಡೆ ಬಿದ್ದಷ್ಟು ಮನೆ ಕಾಯಿ ನಡೆಯಬೇಕು. ಎದುರಾಳಿಯ ಕಾಯಿ ಸಿಕ್ಕರೆ ಹೊಡೆಯಬೇಕು. ಗುರುತು ಹಾಕಿದ ಮನೆಯಲ್ಲಿ ಕುಳಿತಿದ್ದರೆ ಬಿಡಬೇಕು. ಆಗಬಹುದಾದುದೆಲ್ಲ ಆ ಗೆರೆಗಳೊಳಗೇ ಅಡಗಿದೆ. ಆದರೆ ಒಬ್ಬನು, “ನನ್ನ ಕಾಯಿ ಈ ಮನೆಗಳನ್ನೆಲ್ಲ ಬಿಟ್ಟು ಹಿತ್ತಿಲ ದಾರಿಯಿಂದ ಹೋಗುತ್ತದೆ” ಎಂದರೆ? ಅಂಥ ಮಾತಿಗೂ ಎಡೆಗೊಡುವ ಆಟವೊಂದುಂಟು.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಜಾತಿಯ ಆಟಗಳ ಮೂಲ. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬ ಯೋಧನಾಗುತ್ತಾನೆ, ಮತ್ತೊಬ್ಬ ಮಾಂತ್ರಿಕನಾಗುತ್ತಾನೆ. ಉಳಿದ ಲೋಕವೆಲ್ಲ, ಎಂದರೆ ಗುಹೆ, ರಾಕ್ಷಸ, ಮಳೆ, ಸಂತೆ ಎಲ್ಲವೂ, ಒಬ್ಬನ ಬಾಯಿಂದಲೇ ಹೊರಡಬೇಕು. ಗೇಮ್ ಮಾಸ್ಟರ್ ಎಂದು ಅವನ ಹೆಸರು. ನಮ್ಮ ನಾಟಕದ ಮಾತಿನಲ್ಲಿ ಸೂತ್ರಧಾರನೆನ್ನೋಣ. ರಾಕ್ಷಸರು ಬೆನ್ನಟ್ಟಿ ಬರುತ್ತಿದ್ದಾರೆ. “ಲಾಂದ್ರದ ಎಣ್ಣೆಯನ್ನು ಮೆಟ್ಟಿಲ ಮೇಲೆ ಸುರಿಯುತ್ತೇನೆ, ಜಾರಿ ಬೀಳಲಿ” ಎನ್ನುತ್ತಾನೆ ಯೋಧ. ಪುಸ್ತಕದಲ್ಲಿ ಇದಕ್ಕೆ ನಿಯಮವಿಲ್ಲ. ತೀರ್ಪು ಯಾರದು?

ಈ ಪ್ರಶ್ನೆ ಆ ಆಟಕ್ಕಿಂತ ಹಳೆಯದು. 1824ರಲ್ಲಿ ಪ್ರಶ್ಯದ ಸೇನೆಯ ಲೆಫ್ಟಿನೆಂಟ್ ರೈಸ್‌ವಿಟ್ಸ್ ಎಂಬವನು ಅಧಿಕಾರಿಗಳ ಶಿಕ್ಷಣಕ್ಕೆಂದು ಯುದ್ಧದಾಟವೊಂದನ್ನು ಪ್ರಕಟಿಸಿದನು. ಗುಂಡಿಗೆ ಎಷ್ಟು ಮಂದಿ ಬಿದ್ದರೆಂಬುದಕ್ಕೂ ಅದರಲ್ಲಿ ದಾಳ ಮತ್ತು ಕೋಷ್ಟಕ. ಕಾಲ ಕಳೆದಂತೆ ಆ ಲೆಕ್ಕವೇ ಹೊರೆಯಾಯಿತು. ಕೋಷ್ಟಕಗಳನ್ನು ಬದಿಗಿಟ್ಟು, ಯುದ್ಧವನ್ನು ಬಲ್ಲ ಮಧ್ಯಸ್ಥನ ವಿವೇಕಕ್ಕೇ ತೀರ್ಪನ್ನು ಒಪ್ಪಿಸಬೇಕೆಂದು 1876ರಲ್ಲಿ ವೆರ್ಡಿ ಡು ವೆರ್ನ್ವಾ ಎಂಬ ಸೇನಾನಿ ವಾದಿಸಿದನು.

ಶತಮಾನದ ಅನಂತರ ಚಕ್ರ ಹಿಂದಕ್ಕೆ ತಿರುಗಿತು. 1974ರ ಆಟ ಮೂರು ಕಿರುಹೊತ್ತಗೆಗಳಷ್ಟೇ. ಬಹುಭಾಗ ಆಡುವವರ ಕಲ್ಪನೆಗೆ ಬಿಟ್ಟದ್ದು. ಆದರೆ ಒಂದೂರಿನ ಮೇಜಿನಲ್ಲಿ ಬದುಕುವ ಯೋಧ ಇನ್ನೊಂದೂರಿನ ಮೇಜಿನಲ್ಲಿ ಸತ್ತರೆ ಸ್ಪರ್ಧೆ ನಡೆಯುವುದೆಂತು? ಏಕರೂಪತೆಗಾಗಿ ಗೈಗ್ಯಾಕ್ಸ್ 1977ರಿಂದ 1979ರೊಳಗೆ ಮೂರು ದಪ್ಪ ಗ್ರಂಥಗಳನ್ನು ಹೊರತಂದನು. 2000ದ ಆವೃತ್ತಿ ಇಪ್ಪತ್ತು ಮುಖದ ಒಂದೇ ದಾಳದಿಂದ ಬಹುತೇಕ ಸಾಹಸಗಳನ್ನೆಲ್ಲ ಅಳೆಯಲು ಹೊರಟಿತು. 2008ರಲ್ಲಿ ಮ್ಯಾಥ್ಯೂ ಫಿಂಚ್ ಎಂಬವರು, ನಿಯಮಕ್ಕಿಂತ ನಿರ್ಣಯವೇ ಮೇಲೆಂದು ಸಾರಿ, ಹಳೆಯ ಪದ್ಧತಿಯನ್ನು ಎತ್ತಿಹಿಡಿದು ಪುಟ್ಟ ಪುಸ್ತಕ ಬರೆದರು. ವಾದ ಇನ್ನೂ ಮುಗಿದಿಲ್ಲ.

ಇಬ್ಬರ ಪಕ್ಷದಲ್ಲಿಯೂ ಸತ್ಯವುಂಟು. ನಿಯಮವೆಂಬುದು ಸೂತ್ರಧಾರನ ಮೇಲಣ ಅಪನಂಬಿಕೆಯೇನೂ ಅಲ್ಲ. ಅದು ಆಟಗಾರನಿಗೆ ಕೊಟ್ಟ ಭಾಷೆ. ಹಳ್ಳವನ್ನು ಹಾರುವುದರ ಅಪಾಯ ಎಷ್ಟೆಂದು ತಿಳಿದರೆ ತಾನೇ ಹಾರುವುದೋ ಬಳಸಿ ಹೋಗುವುದೋ ಎಂದು ಅವನು ಯೋಚಿಸಬಲ್ಲನು? ಅದು ತಿಳಿಯದ ಕಡೆ ಧೈರ್ಯಕ್ಕೂ ಮೂರ್ಖತನಕ್ಕೂ ಭೇದವಿಲ್ಲ. ಇತ್ತ, ಎಣ್ಣೆ ಸುರಿದ ಮೆಟ್ಟಿಲುಗಳನ್ನೆಲ್ಲ ಮುಂಗಂಡ ಗ್ರಂಥಕರ್ತ ಇನ್ನೂ ಹುಟ್ಟಿಲ್ಲ. ವ್ಯಾಕರಣ ಬರೆದವನೂ ಕೊನೆಗೆ ಕವಿಯ ಪ್ರಯೋಗಕ್ಕೆ ತಲೆಬಾಗಲೇಬೇಕಷ್ಟೆ.

ಹಾಗಾದರೆ ಒಳ್ಳೆಯ ನಿರ್ಣಯವನ್ನು ಗುರುತಿಸುವ ಬಗೆ ಯಾವುದು? ನನ್ನ ಮತದಲ್ಲಿ ಪರೀಕ್ಷೆ ಒಂದೇ: ಅದು ದಾಳ ಉರುಳುವ ಮುನ್ನ ನುಡಿದುದೋ, ಉರುಳಿದ ಮೇಲೆ ನುಡಿದುದೋ? “ಆರು ಮುಖದ ದಾಳದಲ್ಲಿ ನಾಲ್ಕು ಅಥವಾ ಹೆಚ್ಚು ಬಿದ್ದರೆ ರಾಕ್ಷಸರು ಜಾರುತ್ತಾರೆ, ಇಲ್ಲವಾದರೆ ನಿನ್ನನ್ನು ಹಿಡಿಯುತ್ತಾರೆ, ಸುರಿಯುತ್ತೀಯಾ?” ಎಂದು ಕೇಳಿದ ಸೂತ್ರಧಾರನು ಆ ಕ್ಷಣದಲ್ಲೇ ಒಂದು ನಿಯಮವನ್ನು ರಚಿಸಿದನು. ನಾಳೆ ಇನ್ನೊಬ್ಬನು ಎಣ್ಣೆ ಸುರಿದಾಗಲೂ ಅದನ್ನೇ ಪಾಲಿಸಿದರೆ ಅವನ ನಿರ್ಣಯಕ್ಕೆ ಗ್ರಂಥದ ಗೌರವ ಸಲ್ಲುತ್ತದೆ. ಎರಡು ಬಿದ್ದುದನ್ನು ಕಂಡ ಮೇಲೆ, ಗೆಳೆಯನ ಮುಖ ನೋಡಿ, “ಹೋಗಲಿ, ಜಾರಿದರು” ಎಂದವನು ಮಾಡಿದ್ದು ಕೇವಲ ಉಪಕಾರ.

ಮನಸ್ಸು ಬಂದರೆ ದಾಳದ ಮಾತನ್ನು ಮೀರುವ ಹಕ್ಕು ಸೂತ್ರಧಾರನಿಗುಂಟೆಂದು 1979ರ ಆ ದಪ್ಪ ಗ್ರಂಥವೇ ಹೇಳುತ್ತದೆ. ಕರುಣೆಯಿಂದ ಮಾಡಿದುದಕ್ಕೆ ದೋಷವೇನೆಂದು ಕೇಳುವವರುಂಟು. ಉಪಕಾರ ಪಡೆದವನ ಮುಂದಿನ ಗೆಲುವೆಲ್ಲ ಸಂಶಯಕ್ಕೆ ಈಡಾಗುತ್ತದೆ: ತಾನು ಗೆದ್ದೆನೋ, ಗೆಲ್ಲಿಸಿದರೋ? ಪಕ್ಕದಲ್ಲಿ ಕುಳಿತವನು ಸೋತರೆ, ತನ್ನ ಮೇಲೆ ಆ ಕರುಣೆ ಏಕಿಲ್ಲವೆಂದು ಕುದಿಯುತ್ತಾನೆ. ಒಂದೇ ಮೇಜಿನ ಸುತ್ತ ಕುಳಿತವರಿಗೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ. ಏಕೆಂದರೆ ಈ ಆಟದಲ್ಲಿ ಹೂಡಿದ ನಿಜವಾದ ಪಣ ಹಣವಲ್ಲ, ಸ್ನೇಹ.

ಪುಸ್ತಕ ದಪ್ಪವಿರಲಿ, ತೆಳ್ಳಗಿರಲಿ, ಚಿಂತೆಯಿಲ್ಲ. ಸೋಲಬಹುದಾದವನಿಗೆ ಸೋಲಿನ ಬೆಲೆಯನ್ನು ಮುಂಚಿತವಾಗಿ ತಿಳಿಸಿ, ಬೇಡವೆನ್ನುವ ಅವಕಾಶವನ್ನೂ ಕೊಟ್ಟವನೇ ನಿಜವಾದ ಸೂತ್ರಧಾರ. ಅಂಥವನ ಮೇಜಿನಲ್ಲಿ ಸತ್ತ ಯೋಧನೂ ನಗುತ್ತ ಎದ್ದು ಹೋಗುತ್ತಾನೆ; ಮರುದಿನ ಹೊಸ ಪಾತ್ರ ಧರಿಸಿ ಮತ್ತೆ ಬರುತ್ತಾನೆ.